ತಗ್ಗಿಸಿದ ಕಾರಿನ ಟೈರು ಉಜ್ಜುವುದನ್ನು ನಿಲ್ಲಿಸಿದ ಬಗೆ: ನನ್ನ ಅನುಭವ

ನಾನು ಬಳ್ಳಾರಿಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಸಣ್ಣ ಹ್ಯಾಚ್‌ಬ್ಯಾಕ್ ಕಾರನ್ನು ಹಿಂದಿನ ಮಾಲೀಕರು ಆಗಲೇ 40 ಮಿಲಿಮೀಟರ್ ತಗ್ಗಿಸಿದ್ದರು. ಕಂಪನಿಯ ಸ್ಪ್ರಿಂಗುಗಳ ಜಾಗದಲ್ಲಿ ಗಿಡ್ಡ ಸ್ಪ್ರಿಂಗುಗಳೂ, ಐದೂವರೆ ಇಂಚಿನ ರಿಮ್ಮುಗಳ ಜಾಗದಲ್ಲಿ ಏಳು ಇಂಚಿನ ಅಲಾಯ್ ರಿಮ್ಮುಗಳೂ ಬಂದಿದ್ದವು. ನಿಂತ ಕಾರು ನೋಡಲು ನಿಜಕ್ಕೂ ಚೆನ್ನಾಗಿತ್ತು. ಆದರೆ ಅದಿರು ಲಾರಿಗಳ ಭಾರಕ್ಕೆ ಡಾಂಬರು ಏರಿಳಿತವಾಗಿರುವ ಸಂಡೂರು ರಸ್ತೆಯಲ್ಲಿ ನಾಲ್ಕು ಜನ ಕುಳಿತು ಹೋದರೆ ಮುಂದಿನ ಟೈರು ಫೆಂಡರಿನ (ಚಕ್ರದ ಮೇಲಿನ ತಗಡಿನ) ಒಳಗಿನ ಪ್ಲಾಸ್ಟಿಕ್ ಲೈನರಿಗೆ, ಹಿಂದಿನ ಟೈರು ಫೆಂಡರಿನ ಕಬ್ಬಿಣದ ಅಂಚಿಗೆ ಉಜ್ಜುತ್ತಿತ್ತು.

ಪರಿಚಯದ ಟಿಂಕರಿಂಗ್ ಕೆಲಸದವರು ನೋಡಿದ ಕೂಡಲೇ, "ಅಂಚು ಮಡಚಿಬಿಟ್ರ ಮುಗೀತ್ರೀ ಸರ" ಎಂದರು. ಅಂಚು ಮಡಚುವುದು ಕೊನೆಗೆ ಮಾಡಬೇಕಾದ ಕೆಲಸವೆಂಬುದು ನನ್ನ ಖಚಿತ ಅಭಿಪ್ರಾಯ. ಕಾರು ನಿಂತಿರುವಾಗ ಟೈರಿಗೂ ಫೆಂಡರಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತದೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡಾಗ ಯಾವ ಭಾಗ ಮೊದಲು ತಾಗುತ್ತದೆ ಎಂಬುದನ್ನು ಅಳೆದು ಕಂಡುಕೊಳ್ಳದೆ ತಗಡಿಗೆ ಕೈ ಹಚ್ಚಬಾರದು.

ಮೊದಲು ರಿಮ್ಮಿನ ಲೆಕ್ಕ ಮಾಡಿದೆ. ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂಡುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬುದೇ ಆಫ್‌ಸೆಟ್. ಕಂಪನಿಯ ರಿಮ್ಮು ಐದೂವರೆ ಇಂಚು ಅಗಲ, ಆಫ್‌ಸೆಟ್ 45. ಹಾಕಿದ್ದ ರಿಮ್ಮು ಏಳು ಇಂಚು, ಆಫ್‌ಸೆಟ್ 35. ಹೆಚ್ಚಾದ ಒಂದೂವರೆ ಇಂಚಿನ ಅರ್ಧ ಒಳಕ್ಕೂ ಅರ್ಧ ಹೊರಕ್ಕೂ ಹೋಗುವುದರಿಂದ ಎರಡೂ ಕಡೆ 19 ಮಿ.ಮೀ. ಬರುತ್ತದೆ; ಆಫ್‌ಸೆಟ್ 10 ಕಡಿಮೆಯಾದುದರಿಂದ ರಿಮ್ಮು ಇಡಿಯಾಗಿ ಇನ್ನೂ 10 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಅಂದರೆ ಹೊರ ಅಂಚು 29 ಮಿ.ಮೀ. ಆಚೆಗೆ ಬಂದಿತ್ತು, ಒಳ ಅಂಚು 9 ಮಿ.ಮೀ. ಶಾಕ್ ಅಬ್ಸಾರ್ಬರಿನ ಕಡೆಗೆ ಸರಿದಿತ್ತು. ಇದಕ್ಕೆ ಅಂಚು ಮಡಚುವುದು ಪರಿಹಾರವೇ ಅಲ್ಲ. ಆರು ಇಂಚು ಅಗಲ, 45 ಆಫ್‌ಸೆಟ್ಟಿನ ರಿಮ್ಮುಗಳನ್ನು ಹುಡುಕಿ ಹಾಕಿದೆ. ಮೂಲಕ್ಕಿಂತ ಎರಡೂ ಬದಿಗೆ ಸುಮಾರು 6 ಮಿ.ಮೀ. ಮಾತ್ರ ಹೆಚ್ಚಾಯಿತು. ಟೈರು ಕಂಪನಿಯ ಅಳತೆಯಾದ 185/65 ಆರ್15 ಅನ್ನೇ ಉಳಿಸಿಕೊಂಡೆ.

ಆಮೇಲೆ ಮುಂಭಾಗವನ್ನು ಬಿಚ್ಚಿದೆವು. ಒತ್ತಡದಲ್ಲಿರುವ ಸ್ಪ್ರಿಂಗ್ ಚಿಮ್ಮಿದರೆ ಕೈ, ಮುಖ ಉಳಿಯುವುದಿಲ್ಲವಾದ್ದರಿಂದ ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು; ಕಾರೂ ಜಾಕಿನ ಮೇಲಲ್ಲ, ಸ್ಟ್ಯಾಂಡುಗಳ ಮೇಲೆ ನಿಂತಿರಬೇಕು. ಬಿಚ್ಚಿದಾಗಲೇ ರೋಗದ ಮೂಲ ಕಂಡಿತು: ಶಾಕ್ ಅಬ್ಸಾರ್ಬರಿನ ಕಡ್ಡಿಯ ಮೇಲೆ ಇರಬೇಕಾದ ಬಂಪ್ ಸ್ಟಾಪನ್ನು (ಮೆತ್ತನೆಯ ತಡೆತುಂಡನ್ನು) ಯಾರೋ ಕತ್ತರಿಸಿ ತೆಗೆದಿದ್ದರು. ಕಾರು ತಗ್ಗಿಸಿದಾಗ ಬಂಪ್ ಸ್ಟಾಪ್ ಬೇಗ ತಾಗಿ ಸವಾರಿ ಗಡುಸಾಗುತ್ತದೆ ಎಂದು ಹೀಗೆ ಮಾಡುವವರಿದ್ದಾರೆ. ಟೈರು ಫೆಂಡರಿಗೆ ತಾಗುವ ಮೊದಲೇ ಚಕ್ರವನ್ನು ತಡೆದು ನಿಲ್ಲಿಸಬೇಕಾದ ಭಾಗವೇ ಅದು.

ಸ್ಪ್ರಿಂಗೂ ಬಂಪ್ ಸ್ಟಾಪೂ ಇಲ್ಲದೆ ಶಾಕ್ ಅಬ್ಸಾರ್ಬರನ್ನು ಮರಳಿ ಜೋಡಿಸಿ, ಚಕ್ರ ಹಾಕಿ, ಚಕ್ರವನ್ನು ಕಾರಿಗೆ ಕೂಡಿಸುವ ಕೆಳಗಿನ ತೋಳಾದ ಲೋವರ್ ಆರ್ಮಿನ ಕೆಳಗೆ ಜಾಕ್ ಕೊಟ್ಟು ಮೆಲ್ಲಗೆ ಎತ್ತುತ್ತಾ ಹೋದೆವು. ಪ್ರತಿ ಹಂತದಲ್ಲೂ ಸ್ಟೇರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ, ಲೈನರಿಗೆ ಹಚ್ಚಿದ ಒದ್ದೆ ಸುಣ್ಣ ಟೈರಿಗೆ ಎಲ್ಲಿ ಅಂಟುತ್ತದೆ ಎಂದು ನೋಡಿದೆವು. ಶಾಕ್ ಅಬ್ಸಾರ್ಬರ್ ಪೂರ್ತಿ ಕುಗ್ಗಿ ಲೋಹಕ್ಕೆ ಲೋಹ ತಾಗುವುದಕ್ಕೆ ಇನ್ನೂ 12 ಮಿ.ಮೀ. ಇರುವಾಗಲೇ ಟೈರು ತಾಗಿತು. ಓಡುವಾಗ ಟೈರು ಬಾಗುವುದಕ್ಕೂ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು ಬಳುಕುವುದಕ್ಕೂ 8 ಮಿ.ಮೀ. ಬಿಟ್ಟರೆ, ಲೋಹ ತಾಗುವುದಕ್ಕೆ 20 ಮಿ.ಮೀ. ಮೊದಲೇ ಚಕ್ರ ನಿಲ್ಲಬೇಕು. ನನಗೆ ಸಿಕ್ಕ 36 ಮಿ.ಮೀ. ಉದ್ದದ ಪಾಲಿಯುರೆಥೇನ್ ಬಂಪ್ ಸ್ಟಾಪ್ ಪೂರ್ತಿ ಒತ್ತಿದಾಗ 12 ಮಿ.ಮೀ.ಗೆ ಇಳಿಯುತ್ತಿತ್ತು, ಉಳಿದ 8 ಮಿ.ಮೀ.ಗೆ ಲೇತ್ ಅಂಗಡಿಯಲ್ಲಿ ನೈಲಾನ್ ಬಳೆ ಕಡೆಸಿ ಅದರ ಮೇಲೆ ಕೂರಿಸಿದೆ.

ಇಲ್ಲಿಗೆ ಟೈರು ಉಜ್ಜುವುದು ನಿಲ್ಲುತ್ತಿತ್ತು, ಆದರೆ ಸವಾರಿ ಕೆಡುತ್ತಿತ್ತು. 40 ಮಿ.ಮೀ. ತಗ್ಗಿದ ಕಾರಿನಲ್ಲಿ ನಿಂತ ಸ್ಥಿತಿಯಿಂದ ಲೋಹ ತಾಗುವವರೆಗೆ ಉಳಿದಿದ್ದುದು 52 ಮಿ.ಮೀ. ಮಾತ್ರ; ಬಳೆ ಮತ್ತು ಬಂಪ್ ಸ್ಟಾಪ್ ಸೇರಿ 44 ಆದರೆ ಚಕ್ರ ನಿರಾತಂಕವಾಗಿ ಮೇಲೇಳಲು 8 ಮಿ.ಮೀ. ಉಳಿಯುತ್ತದೆ. ನಮ್ಮ ರಸ್ತೆಗಳಿಗೆ ಇದು ಏನೇನೂ ಸಾಲದು. ಆದ್ದರಿಂದ ಕಾರನ್ನು 25 ಮಿ.ಮೀ. ಮಾತ್ರ ತಗ್ಗಿಸುವ ಸ್ಪ್ರಿಂಗುಗಳನ್ನು ಹಾಕಿದೆ. 8 ಇದ್ದದ್ದು 23 ಆಯಿತು. ಚಕ್ರ ಗಾಳಿಯಲ್ಲಿ ನೇತಾಡುವಾಗಲೂ ಹೊಸ ಸ್ಪ್ರಿಂಗ್ ಸಡಿಲವಾಗದೆ ತನ್ನ ಜಾಗದಲ್ಲಿ ಬಿಗಿಯಾಗಿ ಕುಳಿತಿದೆಯೇ ಎಂದು ಕೈಯಿಂದ ತಿರುವಿ ನೋಡಿದ ಮೇಲೆಯೇ ಮುಂದುವರಿದೆ.

ಹಿಂಭಾಗದಲ್ಲಿ ಎರಡು ಚಕ್ರಗಳನ್ನೂ ಒಂದೇ ತೊಲೆ ಹಿಡಿದಿರುವುದರಿಂದ, ಎರಡೂ ಒಟ್ಟಿಗೆ ಮೇಲೆದ್ದಾಗ ಒಂದು ಅಂತರ, ಒಂದೇ ಎದ್ದಾಗ ಇನ್ನೊಂದು ಅಂತರ ಸಿಗುತ್ತದೆ, ಎರಡನ್ನೂ ಅಳೆಯಬೇಕು. ರಿಮ್ಮು ಬದಲಿಸಿದ ಮೇಲೂ ಒಂದೇ ಚಕ್ರ ಎದ್ದಾಗ ಟೈರಿನ ಭುಜ ಅಂಚಿಗೆ ತೀರಾ ಹತ್ತಿರ ಬರುತ್ತಿತ್ತು. ಆಗ ಮಾತ್ರ ಅಂಚು ಮಡಚಲು ಒಪ್ಪಿದೆ. ಬಣ್ಣ ತಣ್ಣಗಿದ್ದರೆ ಸಿಡಿದು ಬಿರುಕು ಬಿಡುತ್ತದೆ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಕಾರನ್ನು ನಿಲ್ಲಿಸಿ, ಅಂಚಿನ ಮೇಲೆ ಹೀಟ್ ಗನ್ ಆಡಿಸುತ್ತಾ, ರೋಲರನ್ನು ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿ ಟಿಂಕರಿಂಗ್ ಕೆಲಸದವರು ಮಡಚಿದರು. ಆ ಕುಶಲತೆ ಅವರದೇ. ಮಡಿಕೆಯೊಳಗೆ ಅದಿರಿನ ಕೆಂಪು ಧೂಳೂ ನೀರೂ ಸೇರಿದರೆ ತಗಡು ತುಕ್ಕು ಹಿಡಿಯುವುದು ಖಂಡಿತವಾದ್ದರಿಂದ ಪ್ರೈಮರ್ ಬಳಿದು ಸೀಲೆಂಟ್ ತುಂಬಿಸಿದೆ.

ಕಾರಿನ ಹೊಟ್ಟೆ ತಾಗುವ ವಿಷಯವನ್ನೂ ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ನಿಯಮದಂತೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ದುಂಡು ಇಳಿಜಾರು ಹೊಂದಿರಬೇಕಿತ್ತು. ಅಂಥ ಹಂಪಿನ ಮೇಲೆ, ಮುಂದಿನ ಹಿಂದಿನ ಚಕ್ರಗಳ ನಡುವೆ 2.45 ಮೀಟರ್ ದೂರವಿರುವ ಕಾರಿನ ನಡುಭಾಗಕ್ಕೆ ಬೇಕಾಗುವುದು ಸುಮಾರು 44 ಮಿ.ಮೀ. ಎತ್ತರ ಮಾತ್ರ. ತಗ್ಗಿಸಿದ ಕಾರೂ ಸಲೀಸಾಗಿ ದಾಟುತ್ತದೆ. ಕಷ್ಟ ಬರುವುದು ಊರೊಳಗೆ ಒಂದು ಮೀಟರ್ ಅಗಲದಲ್ಲೇ 12 ಸೆಂ.ಮೀ. ಎಬ್ಬಿಸಿದ ಕಡಿದಾದ ದಿಬ್ಬಗಳಲ್ಲಿ. ಅಲ್ಲಿ ನೆಲಕ್ಕೂ ಹೊಟ್ಟೆಗೂ ನಡುವೆ 140 ಮಿ.ಮೀ. ಅಂತರವಿರುವ ನನ್ನ ಕಾರು ನಡಿಗೆಯ ವೇಗದಲ್ಲಿ ಮಾತ್ರ ತಾಗದೆ ದಾಟುತ್ತದೆ.

ಇಂಥ ಕೆಲಸಕ್ಕೆ ಇಳಿಯುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಬೇಕು. ನೋಂದಣಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂಥ ಮಾರ್ಪಾಡನ್ನು ಅದು ತಡೆಯುತ್ತದೆ. ವಿಮೆಯವರನ್ನೂ ಮೊದಲೇ ಕೇಳುವುದು ಒಳ್ಳೆಯದು.

ಕೊನೆಯಲ್ಲಿ ಲೋವರ್ ಆರ್ಮಿನ ಬೋಲ್ಟುಗಳನ್ನು ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಬಿಗಿದೆವು; ಚಕ್ರ ನೇತಾಡುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎತ್ತರ ಬದಲಾದರೆ ಚಕ್ರಗಳ ಟೋ (ಮುಂದಕ್ಕೆ ನೋಡುವ ಕೋನ), ಕ್ಯಾಂಬರ್ (ಪಕ್ಕಕ್ಕೆ ವಾಲುವ ಕೋನ) ಎರಡೂ ಬದಲಾಗುವುದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸಿ, ಲೈನರಿಗೂ ಹಿಂದಿನ ಅಂಚಿಗೂ ಮತ್ತೆ ಸುಣ್ಣ ಹಚ್ಚಿ, ನಾಲ್ಕು ಜನ ಕುಳಿತು ಅದೇ ಸಂಡೂರು ರಸ್ತೆಯಲ್ಲಿ ಹೋಗಿ ಬಂದೆವು. ಸುಣ್ಣ ಎಲ್ಲಿಯೂ ಅಳಿಸಿರಲಿಲ್ಲ. ಧೂಳು ಬಂಪ್ ಸ್ಟಾಪನ್ನು ಸವೆಸುವುದರಿಂದ ಪ್ರತಿ ಸರ್ವೀಸಿನಲ್ಲೂ ಅದರ ಮೇಲಿನ ರಬ್ಬರ್ ಕವಚವನ್ನು ಎತ್ತಿ ನೋಡುತ್ತೇನೆ.