ಚಳಿಗಾಲದ ಅತಿಥಿಗಳಿಗೆ ಕಾಳಲ್ಲ, ನೀರು

ಬೆಂಗಳೂರಿಗೆ ಚಳಿಗಾಲದಲ್ಲಿ ವಲಸೆ ಬರುವ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಹುಳು ತಿನ್ನುವಂಥವು. ತಾರಸಿಯಲ್ಲಿ ನವಣೆ, ಅಕ್ಕಿನುಚ್ಚು ಇಟ್ಟರೆ ಬೂದು ಸಿಪಿಲೆಯಾಗಲಿ (ಗ್ರೇ ವ್ಯಾಗ್‌ಟೇಲ್) ಉಲಿಯಕ್ಕಿಯಾಗಲಿ (ವಾರ್ಬ್ಲರ್) ತಿರುಗಿಯೂ ನೋಡುವುದಿಲ್ಲ. ಬರುವುದು ಪಾರಿವಾಳ. ಅದು ಜಾಗ ಹಿಡಿದರೆ ಮಿಕ್ಕವು ಹತ್ತಿರ ಸುಳಿಯುವುದು ಕಷ್ಟ. ಅದಕ್ಕೇ ಕಾಳಿನ ತಟ್ಟೆ ಎತ್ತಿಟ್ಟು ನೀರಿನ ಬೋಗುಣಿ ಮಾತ್ರ ಉಳಿಸಿಕೊಂಡಿದ್ದೇನೆ.

ಬೋಗುಣಿ ಮಣ್ಣಿನದು, ಒಂದೂವರೆ ಅಡಿ ಅಗಲ. ಒಳಮೈ ಒರಟಾಗಿರಬೇಕು, ನುಣುಪಾದರೆ ಕಾಲು ಜಾರುತ್ತದೆ. ನೀರು 2 ಇಂಚು ಸಾಕು. ಅದಕ್ಕಿಂತ ಆಳವಾದರೆ ಕಾಗೆಗಷ್ಟೇ ಅನುಕೂಲ. ನಡುವೆ ಒಂದು ಕಲ್ಲು, ಅದರ ನೆತ್ತಿ ನೀರಿನಿಂದ ಮೇಲಿರಲಿ. ಸೂರಕ್ಕಿಯಷ್ಟು ಪುಟ್ಟ ಹಕ್ಕಿ ಇಳಿಯುವುದು ಅಲ್ಲಿಗೇ. ಕುಂಡಗಳಿಂದ ಆರೇಳು ಅಡಿ ದೂರವಿಡಿ: ಪಕ್ಕದಲ್ಲೇ ಇದ್ದರೆ ಬೆಕ್ಕು ಹೊಂಚು ಹಾಕುತ್ತದೆ, ತೀರಾ ಬಯಲಲ್ಲಿದ್ದರೆ ರೆಕ್ಕೆ ಒದ್ದೆಯಾದ ಹಕ್ಕಿಗೆ ಅಡಗಲು ತಾವಿಲ್ಲ.

ದಿನಾ ಬೆಳಿಗ್ಗೆ ನೀರು ಚೆಲ್ಲಿ ತೆಂಗಿನ ನಾರಿನಿಂದ ಒಳಗೋಡೆ ಉಜ್ಜಲೇಬೇಕು. ಬರೀ ನೀರು ಬದಲಿಸಿದರೆ ಆಗದು. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿಗಿಂತ ತುಸು ಮೇಲೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ.

ಉಲಿಯಕ್ಕಿಯನ್ನು ಕಣ್ಣಿನಿಂದಲ್ಲ, ಕಿವಿಯಿಂದ ಹುಡುಕಬೇಕು. ದಾಸವಾಳದ ಪೊದೆಯೊಳಗಿಂದ ಕಲ್ಲಿಗೆ ಕಲ್ಲು ತಾಗಿದಂತೆ 'ಚಕ್, ಚಕ್' ಎಂದರೆ ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಮರದ ಎತ್ತರದಿಂದ ಚುರುಕಾಗಿ 'ಚಿ-ಸ್ವೀ' ಎಂದರೆ ಗ್ರೀನಿಶ್ ವಾರ್ಬ್ಲರ್. ಗಿಡಕ್ಕೆ ಕೀಟನಾಶಕ ಹೊಡೆದಿರೋ, ಇವಕ್ಕೆ ಅಲ್ಲಿ ಊಟವೇ ಇಲ್ಲ. ಪಿಕಳಾರ, ಬದನಿಕೆ ಹಕ್ಕಿಗಳಿಗೆ ಬೀದಿಬದಿಯ ಗಸಗಸೆ ಹಣ್ಣಿನ ಮರ ಒಂದಿದ್ದರೆ ಸಾಕು.

ನೀರುಹಕ್ಕಿಗೆ ಕೆರೆಗೇ ಹೋಗಬೇಕು: ಜಕ್ಕೂರು, ಹೆಬ್ಬಾಳ, ಸ್ವಲ್ಪ ದೂರವಾದರೂ ಹೊಸಕೋಟೆ. ಡಿಸೆಂಬರ್‌ನಲ್ಲಿ ತೀರಾ ಬೇಗ ಹೋದರೆ ನೀರಿನ ಮೇಲೆ ಮಂಜು. ಅದು ಕರಗಿದ ಮೇಲೆ, ಬಿಸಿಲು ಬೆನ್ನಿಗಿರುವ ದಡದಲ್ಲಿ ನಿಲ್ಲುತ್ತೇನೆ. ಎದುರು ಬಿಸಿಲಿನಲ್ಲಿ ಎಲ್ಲ ಬಾತುಗಳೂ ಕಪ್ಪು. ಷೊವೆಲರ್ ಅನ್ನು ಸಲಿಕೆಯಂಥ ಕೊಕ್ಕಿನಿಂದಲೇ ಹೇಳಬಹುದು. ಎಡವುವುದು ಗಾರ್ಗನಿ ಬಾತಿನಲ್ಲಿ: ಗಂಡಿನ ಬಿಳಿ ಹುಬ್ಬನ್ನು ನೆಚ್ಚಿ ಹುಡುಕುತ್ತೇವೆ, ಆದರೆ ಚಳಿಗಾಲದ ಮೊದಲ ತಿಂಗಳುಗಳಲ್ಲಿ ಗಂಡೂ ಹೆಣ್ಣಿನಂತೆ ಮಾಸಲು ಕಂದು. ಆಗ ಮುಖದ ಪಟ್ಟೆಗಳನ್ನು ನೋಡಬೇಕು. ಹಿಂಡು ದೊಡ್ಡದಿದ್ದರೆ 10 ಹಕ್ಕಿ ಎಣಿಸಿ, ಅಷ್ಟು ಅಗಲವನ್ನು ಅಳತೆಯಾಗಿಟ್ಟುಕೊಂಡು ಉಳಿದ ಹಿಂಡನ್ನು ಹತ್ತತ್ತಾಗಿ ಅಂದಾಜಿಸುತ್ತೇನೆ.

ಮಳೆ ಚೆನ್ನಾಗಿ ಬಿದ್ದ ವರ್ಷ ಕೆರೆ ಏರಿಯವರೆಗೂ ತುಂಬಿರುತ್ತದೆ. ಸ್ಯಾಂಡ್‌ಪೈಪರ್, ಸ್ಟಿಂಟ್‌ನಂಥ ದಡದ ಹಕ್ಕಿಗಳಿಗೆ ಕೊಕ್ಕು ಊರಲು ಕೆಸರೇ ಇರುವುದಿಲ್ಲ. ಅಂಥ ವರ್ಷ ಅವುಗಳಿಗಾಗಿ ನವೆಂಬರ್‌ನಲ್ಲಿ ಅಲೆಯುವ ಬದಲು, ನೀರು ಇಳಿದು ಅಂಚು ಬಿಡುವವರೆಗೆ ಕಾಯುವುದು ಮೇಲು.