ಜಗತ್ತಿನ ಪಾಠ ಹೇಳುವ ಸಂಘ: ಬಳ್ಳಾರಿ, ರಾಯಚೂರು, ಕೊಪ್ಪಳದ ಕಾರ್ಯಕಾರಿ ಮಂಡಳಿ ಸದಸ್ಯರಿಗೆ ಕೈಪಿಡಿ

ಅಂತರರಾಷ್ಟ್ರೀಯ ವಿದ್ಯಮಾನಗಳನ್ನು ಊರಿನ ವಿದ್ಯಾರ್ಥಿಗಳಿಗೆ, ರೈತರಿಗೆ, ವ್ಯಾಪಾರಿಗಳಿಗೆ ತಿಳಿಸೋಣ ಎಂದು ಏಳೆಂಟು ಜನ ಸೇರಿ ಸಂಘ ಕಟ್ಟುವುದು ಒಂದು ವಾರದ ಉತ್ಸಾಹ. ಉದ್ಘಾಟನೆಗೆ ಹಾರ, ಶಾಲು, ಪತ್ರಿಕೆಯಲ್ಲಿ ಫೋಟೊ ಎಲ್ಲವೂ ಆಗುತ್ತದೆ. ಮೂರನೇ ವರ್ಷಕ್ಕೆ ಹೋಗಿ ನೋಡಿದರೆ ಠರಾವು ಪುಸ್ತಕ ಯಾರ ಮನೆಯಲ್ಲಿದೆ ಎಂದೇ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಸಂಘಗಳು ಸಾಮಾನ್ಯವಾಗಿ ಎರಡು ಕಾರಣಕ್ಕೆ ಸಾಯುತ್ತವೆ: ಕಾಗದಪತ್ರ ಕೈಬಿಡುತ್ತದೆ, ಇಲ್ಲವೇ ಕಾರ್ಯಕ್ರಮದ ವಿಷಯ ಕೇಳುವವರ ಬದುಕಿಗೆ ತಾಗುವುದಿಲ್ಲ. ಎರಡೂ ಮಂಡಳಿಯ ಕೈಯಲ್ಲೇ ಇರುವ ಕೆಲಸ.

ಯಾರನ್ನು ಕೂರಿಸಬೇಕು

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಮಂಡಳಿಗೆ ಏಳು ಅಥವಾ ಒಂಬತ್ತು ಸಾಕು. ಬೆಸ ಸಂಖ್ಯೆ ಇದ್ದರೆ ಮತಕ್ಕೆ ಹಾಕಿದಾಗ ಸಿಕ್ಕಿಬೀಳುವುದಿಲ್ಲ. ಹದಿನೈದು ಜನರ ಮಂಡಳಿ ಮಾಡಿದರೆ ಕೋರಂ ಆಗುವುದೇ ದೊಡ್ಡ ಕೆಲಸವಾಗುತ್ತದೆ.

ಒಂಬತ್ತೂ ಜನ ರಾಜ್ಯಶಾಸ್ತ್ರದ ಮೇಷ್ಟ್ರುಗಳಾದರೆ ಸಂಘ ಬಡವಾಗುತ್ತದೆ. ಲೆಕ್ಕ ಬಲ್ಲವರೊಬ್ಬರು, ವಕೀಲರೊಬ್ಬರು, ಎಪಿಎಂಸಿ ವರ್ತಕರೋ ಜೀನ್ಸ್ ಘಟಕ ನಡೆಸುವವರೋ ಒಬ್ಬರು, ಹೈಸ್ಕೂಲ್ ಶಿಕ್ಷಕಿಯೊಬ್ಬರು ಇರಲಿ. ಬಳ್ಳಾರಿ, ರಾಯಚೂರಿನಲ್ಲಾದರೆ ತೆಲುಗು, ಉರ್ದು ಸಲೀಸಾಗಿ ಆಡುವವರೂ ಬೇಕು. ಸಭೆಯಲ್ಲಿ ಒಳ್ಳೆಯ ಪ್ರಶ್ನೆ ಎಷ್ಟೋ ಸಲ ಆ ಭಾಷೆಯಲ್ಲೇ ಬರುತ್ತದೆ. ಸರ್ಕಾರಿ ನೌಕರರನ್ನು ಪದಾಧಿಕಾರಿ ಮಾಡುವುದಾದರೆ ಮೊದಲು ಅವರ ಇಲಾಖೆಯ ಅನುಮತಿ ಕೇಳಿ. ವರ್ಗಾವಣೆಯಾದರೆ ಬ್ಯಾಂಕಿನ ಸಹಿ ಅವರ ಹಿಂದೆಯೇ ಹೋಗುತ್ತದೆ, ಅದೂ ನೆನಪಿರಲಿ.

ಠರಾವು ಬರೆಯುವ ಕ್ರಮ

ಎರಡು ತಿಂಗಳಿಗೊಮ್ಮೆ ಮಂಡಳಿ ಸಭೆ, ಒಂದೂವರೆ ಗಂಟೆ. ಮಿರ್ಚಿ, ಒಗ್ಗರಣಿ ಸಭೆ ಮುಗಿದ ಮೇಲೆ ಬರಲಿ. ಮೊದಲೇ ಬಂದರೆ ಲೆಕ್ಕದ ವಿಷಯ ಮುಂದಿನ ಸಭೆಗೆ ಹೋಗುತ್ತದೆ. ನಡಾವಳಿಯನ್ನು ಪುಟಸಂಖ್ಯೆ ಅಚ್ಚಾದ ಗಟ್ಟಿ ಪುಸ್ತಕದಲ್ಲಿ ಬರೆಯಿರಿ. ಬಿಡಿ ಹಾಳೆ ಅಂಟಿಸಬೇಡಿ. "ವಿಶ್ವಸಂಸ್ಥೆ ದಿನ ಆಚರಿಸಲು ತೀರ್ಮಾನಿಸಲಾಯಿತು" ಎಂದಷ್ಟೇ ಬರೆದರೆ ಅದು ಠರಾವು ಅಲ್ಲ, ಆಸೆ. ಹೀಗಿರಲಿ:

"ಠರಾವು 4: ಅಕ್ಟೋಬರ್ 24ರ ವಿಶ್ವಸಂಸ್ಥೆ ದಿನದ ಕಾರ್ಯಕ್ರಮಕ್ಕೆ ₹9,000 ಮೀರದಂತೆ ವೆಚ್ಚ ಮಂಜೂರು. ಕಾರ್ಯದರ್ಶಿಗೆ ಮುಂಗಡ ₹3,000. ಕಾರ್ಯಕ್ರಮ ಮುಗಿದ 7 ದಿನದೊಳಗೆ ಬಿಲ್ಲು ಸಹಿತ ಖಜಾಂಚಿಗೆ ಲೆಕ್ಕ ಒಪ್ಪಿಸುವುದು. ಸೂಚಕರು, ಅನುಮೋದಕರು, ಸರ್ವಾನುಮತ."

ಮೊತ್ತ, ಹೊಣೆ, ಗಡುವು ಮೂರೂ ಇದ್ದರೆ ಆಡಿಟರ್ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಸಹಿಯನ್ನು ಅಂದೇ ಹಾಕಿಸಿ. ಮನೆ ಮನೆಗೆ ಪುಸ್ತಕ ಕಳಿಸಿ ಆಮೇಲೆ ಸಹಿ ತುಂಬಿಸುವ ಅಭ್ಯಾಸ ಒಂದು ದಿನ ಜಗಳಕ್ಕೆ ಬೀಜವಾಗುತ್ತದೆ.

ಸರ್ವಸದಸ್ಯರ ಸಭೆ ವರ್ಷಕ್ಕೊಮ್ಮೆ ಆಗಲೇಬೇಕು. ಅದಾದ 14 ದಿನದೊಳಗೆ ಮಂಡಳಿಯ ಪಟ್ಟಿ, ಆಡಿಟ್ ಆದ ಆಯವ್ಯಯ, ಆಸ್ತಿ-ಜವಾಬ್ದಾರಿ ತಃಖ್ತೆ ಎಲ್ಲವನ್ನೂ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸಿ. ಬಹಳಷ್ಟು ಸಂಘಗಳು ಎಡವುವುದು ಇಲ್ಲೇ. ಸಭೆ ನಡೆದಿರುತ್ತದೆ, ಕಾಗದ ಹೋಗಿರುವುದಿಲ್ಲ. ಸಭೆಗೆ ಮುಂಚೆಯೇ ಆಡಿಟ್ ಮುಗಿಸಿಕೊಂಡರೆ ಈ ಗಡುವು ಹೆದರಿಸುವುದಿಲ್ಲ. ಬ್ಯಾಂಕಿನಲ್ಲಿ ಮೂವರ ಹೆಸರಿಟ್ಟು ಯಾವುದಾದರೂ ಇಬ್ಬರ ಸಹಿಗೆ ಹಣ ತೆಗೆಯುವ ವ್ಯವಸ್ಥೆ ಮಾಡಿ.

ಹಣ, ಮುಖ್ಯವಾಗಿ ಅಮೆರಿಕದಿಂದ ಬರುವ ಹಣ

ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಬೇಕೆಂದರೆ ಆದಾಯ ತೆರಿಗೆ ಇಲಾಖೆಯಲ್ಲಿ ಸಂಘದ ನೋಂದಣಿ, ದಾನಿಗೆ ವಿನಾಯಿತಿ ಕೊಡಿಸುವ ಅನುಮೋದನೆ (1961ರ ಕಾಯ್ದೆಯಲ್ಲಿ 80ಜಿ) ಎರಡೂ ಬೇಕು. ಮೊದಲು ಸಿಗುವುದು ತಾತ್ಕಾಲಿಕ, ಮೂರು ವರ್ಷಕ್ಕೆ. ಅವಧಿ ಮುಗಿಯುವ ಆರು ತಿಂಗಳ ಮೊದಲು ಅಥವಾ ಚಟುವಟಿಕೆ ಆರಂಭವಾದ ಆರು ತಿಂಗಳೊಳಗೆ, ಯಾವುದು ಮೊದಲೋ ಆಗ, ನಿಯಮಿತ (ರೆಗ್ಯುಲರ್) ನೋಂದಣಿಗೆ ಅರ್ಜಿ ಹಾಕಬೇಕು. "ಮೂರು ವರ್ಷ ಇದೆಯಲ್ಲ" ಎಂದು ಕೂತವರು ಕೈಸುಟ್ಟುಕೊಳ್ಳುತ್ತಾರೆ. ₹2,000 ಮೀರಿದ ನಗದು ದೇಣಿಗೆಗೆ ದಾನಿಗೆ ವಿನಾಯಿತಿ ಸಿಗುವುದಿಲ್ಲ, ಆದ್ದರಿಂದ ಯುಪಿಐ ಅಥವಾ ಚೆಕ್ ಕೇಳಿ, ರಸೀದಿಯಲ್ಲಿ ದಾನಿಯ ಪ್ಯಾನ್ ಬರೆಯಿರಿ. ದಾನಿಗಳ ವಿವರ ಪ್ರತಿ ವರ್ಷ ಮೇ 31ರೊಳಗೆ ಪೋರ್ಟಲ್‌ಗೆ ಹೋಗಬೇಕು. ಶಾಮಿಯಾನದವರಿಗಾಗಲಿ ಬೇರೆಯವರಿಗಾಗಲಿ, ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಡಬೇಡಿ, ಆ ಖರ್ಚು ತೆರಿಗೆ ಲೆಕ್ಕದಲ್ಲಿ ನಿಲ್ಲುವುದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಹಾಗಾಗಿ ಹಳೇ ರಸೀದಿ ಪುಸ್ತಕದ ಕಲಂ ಸಂಖ್ಯೆಗಳನ್ನು ಆಡಿಟರ್‌ಗೆ ತೋರಿಸಿಯೇ ಮರುಮುದ್ರಣ ಮಾಡಿಸಿ.

ಇನ್ನು ದೊಡ್ಡ ಗುಂಡಿ. ಜಗತ್ತಿನ ವಿಷಯ ಕಲಿಸುವ ಸಂಘ ಎಂದ ಕೂಡಲೇ ಡಲ್ಲಾಸ್‌ನಲ್ಲಿರುವ ಸೋದರಳಿಯ ನೂರು ಡಾಲರ್ ಕಳಿಸುತ್ತೇನೆ ಎನ್ನುತ್ತಾನೆ. ಅವನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆಯೇ. ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ನೋಂದಣಿಗೆ ಮೂರು ವರ್ಷದ ಇತಿಹಾಸ, ಆ ಮೂರು ವರ್ಷದಲ್ಲಿ ಉದ್ದೇಶಕ್ಕಾಗಿ ₹15 ಲಕ್ಷ ಖರ್ಚು ತೋರಿಸಬೇಕು. ಹಣವೂ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. "ನಮಗೆ ಪರವಾನಗಿ ಇದೆ, ನಾವು ತಗೊಂಡು ನಿಮಗೆ ದಾಟಿಸುತ್ತೇವೆ" ಎನ್ನುವ ಇನ್ನೊಂದು ಸಂಸ್ಥೆಯ ಮಾತಿಗೂ 2020ರ ತಿದ್ದುಪಡಿಯ ನಂತರ ಅವಕಾಶವಿಲ್ಲ. ಸಣ್ಣ ಸಂಘಕ್ಕೆ ನಮ್ಮ ಸಲಹೆ ಒಂದೇ: ಖಾತೆ ಸಂಖ್ಯೆ ಕೊಡುವ ಮೊದಲು "ಪಾಸ್‌ಪೋರ್ಟ್ ಯಾವ ದೇಶದ್ದು?" ಎಂದು ಸಂಕೋಚವಿಲ್ಲದೆ ಕೇಳಿ. ಆ ಸೋದರಳಿಯನಿಂದ ಹಣದ ಬದಲು ಆನ್‌ಲೈನಿನಲ್ಲಿ ಒಂದು ಗಂಟೆ ಪಾಠ ತೆಗೆದುಕೊಳ್ಳಿ.

ವಿಷಯ ಆರಿಸುವುದು

"ಭಾರತ-ಚೀನಾ ಸಂಬಂಧ: ಸವಾಲುಗಳು ಮತ್ತು ಅವಕಾಶಗಳು" ಎಂದು ಫ್ಲೆಕ್ಸ್ ಹಾಕಿದರೆ ಬರುವವರು ಹಾಜರಿ ಹಾಕಿಸಿಕೊಳ್ಳುವ ವಿದ್ಯಾರ್ಥಿಗಳು ಮಾತ್ರ. "ಸಂಡೂರಿನ ಅದಿರು ಚೀನಾಕ್ಕೆ ಯಾಕೆ ಹೋಯಿತು, ಯಾಕೆ ನಿಂತಿತು?" ಎಂದರೆ ಲಾರಿ ಮಾಲೀಕರೂ ಬರುತ್ತಾರೆ. ನಿಯಮ ಇಷ್ಟೇ: ವಿಷಯ ಜಿಲ್ಲೆಯ ಒಂದು ಬೆಲೆಯಿಂದ, ಒಂದು ವಸ್ತುವಿನಿಂದ ಹೊರಡಲಿ.

ಅದಿರಿನ ಪಾಠಕ್ಕೆ ಸರಕು ಸಿದ್ಧವಿದೆ. ಬೀಜಿಂಗ್ ಒಲಿಂಪಿಕ್ಸ್ ಹೊತ್ತಿನ ಉಕ್ಕಿನ ಹಸಿವು, 2010ರ ಜುಲೈನಲ್ಲಿ ರಾಜ್ಯ ಸರ್ಕಾರದ ರಫ್ತು ನಿಷೇಧ, 2011ರ ಜುಲೈನಲ್ಲಿ ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ, 2022ರ ಮೇ ತಿಂಗಳಲ್ಲಿ ಮತ್ತೆ ರಫ್ತಿಗೆ ಅನುಮತಿ. ಗಂಗಾವತಿ, ಸಿಂಧನೂರು, ಕಾರಟಗಿಯಲ್ಲಾದರೆ ಅಕ್ಕಿ: 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿ ರಫ್ತು ನಿಷೇಧವಾಯಿತು, 2024ರ ಸೆಪ್ಟೆಂಬರ್‌ನಲ್ಲಿ ತೆರವಾಯಿತು. ರಾಯಚೂರಿಗೆ ಹತ್ತಿ: ಆಮದಿನ ಮೇಲಿದ್ದ ಶೇ 11ರ ಸುಂಕವನ್ನು ಕೇಂದ್ರ 2025ರ ಆಗಸ್ಟ್ 19ರಂದು ಕೈಬಿಟ್ಟಿತು, ಮೊದಲು ಸೆಪ್ಟೆಂಬರ್‌ವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. ಅದೇ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಬಳ್ಳಾರಿಯ ಜೀನ್ಸ್ ಹೊಲಿಯುವವರು, ರಾಯಚೂರಿನ ಹತ್ತಿ ಬೆಳೆಯುವವರು ಒಂದೇ ಸಭೆಯಲ್ಲಿ ಕೂತರೆ ಹತ್ತಿ ಆಮದಿನ ಒಂದೇ ಸುಂಕ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಹೇಗೆ ಎಂಬುದು ಭಾಷಣವಿಲ್ಲದೆಯೇ ತಿಳಿಯುತ್ತದೆ.

ನಿರಾಶ್ರಿತರ ವಿಷಯ ಎತ್ತುವಾಗ ಜೋಪಾನ. ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಅವರ ಮುಂದೆ ಅವರದೇ ವಿಷಯವನ್ನು ಪರಊರಿನ ತಜ್ಞರು ವಿವರಿಸುವುದಕ್ಕಿಂತ ಅವರನ್ನೇ ಮಾತಾಡಲು ಕರೆಯುವುದು ಚೆಂದ.

ಒಂದು ಕಾರ್ಯಕ್ರಮ

ತೊಂಬತ್ತು ನಿಮಿಷ. ನಕಾಶೆಯ ಮುಂದೆ 10, ಭಾಷಣ 30, ಐದೈದು ಜನರ ಗುಂಪಿನಲ್ಲಿ ಚರ್ಚೆ 20, ಪ್ರಶ್ನೋತ್ತರ 25, ವಂದನಾರ್ಪಣೆ 5. ಸ್ವಾಗತ, ಸನ್ಮಾನ, ಅಧ್ಯಕ್ಷೀಯ ನುಡಿಗೆ ಜಾಗ ಬಿಟ್ಟಿಲ್ಲ, ಬೇಕೆಂದೇ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೈಕ್ ಕೈಗೆ ಕೊಟ್ಟರೆ ಪ್ರಶ್ನೆಯ ಬದಲು ಎರಡನೇ ಭಾಷಣ ಶುರುವಾಗುತ್ತದೆ.

80 ಜನರಿಗೆ ಅಂದಾಜು ಲೆಕ್ಕ: ತಿಂಡಿ-ಚಹಾ ತಲಾ ₹30ರಂತೆ ₹2,400, ಭಾಷಣಕಾರರ ಪ್ರಯಾಣ-ವಸತಿ ₹3,500, ಮೈಕ್ ₹1,000, ಬ್ಯಾನರ್ ₹900, ನಾಲ್ಕು ಪುಟದ ಜೆರಾಕ್ಸ್ ₹640. ಒಟ್ಟು ₹8,440. ಸಭಾಂಗಣ ಕಾಲೇಜಿನದು ಎಂಬ ಲೆಕ್ಕದಲ್ಲಿ. ಚುನಾವಣೆ ಘೋಷಣೆಯಾದರೆ ಸರ್ಕಾರಿ ಸಭಾಂಗಣ ಕೈತಪ್ಪಬಹುದು, ಬದಲಿ ಜಾಗ ಗೊತ್ತುಮಾಡಿಟ್ಟಿರಿ. ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆ ಮಧ್ಯಾಹ್ನದ ಸಭೆ ಎಂದರೆ ಶಿಕ್ಷೆ. ಸಂಜೆ ಐದೂವರೆಗೆ ಇಡಿ, ಇಲ್ಲದಿದ್ದರೆ ಜೂನ್‌ಗೆ ತಳ್ಳಿ.

ಭಾಷಣಕಾರರ ಸ್ಲೈಡುಗಳನ್ನು ಎರಡು ದಿನ ಮೊದಲೇ ತರಿಸಿಕೊಂಡು ನಕಾಶೆ ನೋಡಿ. ಅಂತರಜಾಲದಿಂದ ಇಳಿಸಿದ ಪ್ರಪಂಚ ನಕಾಶೆಯಲ್ಲಿ ಜಮ್ಮು-ಕಾಶ್ಮೀರ, ಅಕ್ಸಾಯ್ ಚಿನ್, ಅರುಣಾಚಲದ ಗಡಿ ತುಂಡಾಗಿರುವುದು ಸಾಮಾನ್ಯ. ಸರ್ವೆ ಆಫ್ ಇಂಡಿಯಾ ನಕಾಶೆಗೆ ಹೊಂದದ ನಕ್ಷೆ ಪ್ರಕಟಿಸುವುದು ಅಪರಾಧ. ಅದರ ಫೋಟೊ ವಾಟ್ಸ್‌ಆ್ಯಪ್‌ಗೆ ಹೋದರೆ ಭಾಷಣ ಯಾರಿಗೂ ನೆನಪಿರುವುದಿಲ್ಲ. ಸರ್ವೆ ಆಫ್ ಇಂಡಿಯಾದ ನಕಾಶೆ ಇಳಿಸಿಟ್ಟುಕೊಂಡು ಅದನ್ನೇ ಹಾಕಿಸಿ.

ಯುದ್ಧದ ವಿಷಯವಾದರೆ ಒಬ್ಬರೇ ಭಾಷಣಕಾರರು ಬೇಡ, ಇಬ್ಬರಿರಲಿ. ಇಂಗ್ಲಿಷಿನಲ್ಲಿ ಮಾತಾಡುವವರಾದರೆ ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಸಾರ ಹೇಳಲು ಮಂಡಳಿಯ ಒಬ್ಬರು ಪಕ್ಕದಲ್ಲಿರಲಿ. ಕೊನೆಯಲ್ಲಿ ಒಟ್ಟಿಗೆ ಹೇಳುತ್ತೇವೆ ಎಂದರೆ ಅಷ್ಟರಲ್ಲಿ ಹಿಂದಿನ ಸಾಲು ಖಾಲಿ.

ಅಧಿಕಾರ ಹಸ್ತಾಂತರ

ಅವಧಿ ಮುಗಿದವರು ಹೊಸಬರಿಗೆ ಹಾರ ಹಾಕುವ ಮೊದಲು ಒಂದು ಟ್ರಂಕ್ ಒಪ್ಪಿಸಬೇಕು: ನೋಂದಣಿ ಪ್ರಮಾಣಪತ್ರದ ಮೂಲ, ಬೈಲಾ, ಪ್ಯಾನ್, 80ಜಿ ಆದೇಶ, ಠರಾವು ಪುಸ್ತಕ, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳು, ಚೆಕ್ ಪುಸ್ತಕ, ಸೀಲು. ಪಟ್ಟಿ ಮಾಡಿ ಎರಡೂ ಕಡೆಯವರ ಸಹಿ ಹಾಕಿಸಿ. ಅದೇ ವಾರ ಹೊಸ ಸಹಿದಾರರ ಠರಾವನ್ನು ಬ್ಯಾಂಕಿಗೆ ಕೊಡಿ. ಟ್ರಂಕಿನೊಳಗೆ ಸಿಗದೇ ಹೋಗುವುದು ಒಂದೇ: ಆದಾಯ ತೆರಿಗೆ ಪೋರ್ಟಲ್‌ನ ಒಟಿಪಿ ಬರುವ ಮೊಬೈಲ್ ಸಂಖ್ಯೆ. ಅದು ಹಳೇ ಕಾರ್ಯದರ್ಶಿಯ ಸ್ವಂತ ನಂಬರ್ ಆಗಿರುತ್ತದೆ, ಅವರು ಅಷ್ಟು ಹೊತ್ತಿಗೆ ಮಗನ ಮನೆಗೆ ಪುಣೆಗೆ ಹೋಗಿರುತ್ತಾರೆ. ಸಂಘದ ಹೆಸರಿಗೇ ಒಂದು ಸಿಮ್ ಮೊದಲ ದಿನವೇ ತೆಗೆದು, ರೀಚಾರ್ಜ್ ಹೊಣೆಯನ್ನು ಖಜಾಂಚಿಗೆ ಬರೆದುಕೊಡಿ.