ವಿದ್ಯುತ್ತು ಮತ್ತು ಡೇಟಾ ಎರಡನ್ನೂ ಒಯ್ಯುವ ಕೇಬಲ್: ಆರಿಸುವ ಬಗೆ

ಮುಂಬಯಿಯ ಮಾಟುಂಗದಲ್ಲಿ ನಮ್ಮವರ ಹೋಟೆಲೊಂದರ ಹಿಂಬಾಗಿಲಿನ ಕ್ಯಾಮೆರಾ ಹಗಲೆಲ್ಲ ಸರಿಯಾಗಿದ್ದು, ಸಂಜೆಯಾದೊಡನೆ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಕ್ಯಾಮೆರಾ ಬದಲಾಯಿಸಿದರು, ಅದಕ್ಕೆ ಕೇಬಲ್ ಮೂಲಕ ವಿದ್ಯುತ್ತು, ಡೇಟಾ ಎರಡನ್ನೂ ಒದಗಿಸುವ ನೆಟ್‌ವರ್ಕ್ ಸ್ವಿಚ್ ಬದಲಾಯಿಸಿದರು, ಗುಣ ಕಾಣಲಿಲ್ಲ. ಕತ್ತಲಾಗುತ್ತಲೇ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಉರಿಯತೊಡಗಿ ಅದಕ್ಕೆ ಬೇಕಾದ ವಿದ್ಯುತ್ತು ಹೆಚ್ಚುತ್ತದೆ. ಅಷ್ಟನ್ನು ಒಯ್ಯಲಾರದೆ ಸೋಲುತ್ತಿದ್ದದ್ದು ನಡುವಿನ ಕೇಬಲ್. ಪೆಟ್ಟಿಗೆಯ ಮೇಲೆ ನೆಟ್‌ವರ್ಕ್ ಕೇಬಲಿನ ದರ್ಜೆ ಕ್ಯಾಟ್ 6 ಎಂದೇ ಬರೆದಿತ್ತು, ಆದರೆ ಒಳಗಿದ್ದದ್ದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಅಂಗಡಿಯವರ ಮಾತಿನಲ್ಲಿ ಸಿಸಿಎ.

ಆದ್ದರಿಂದ ಪಿಒಇ (ಪವರ್ ಓವರ್ ಈಥರ್ನೆಟ್, ಅಂದರೆ ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ತು ಕೊಡುವ) ಜೋಡಣೆಗೆ ಕೇಬಲ್ ಕೊಳ್ಳುವಾಗ ಕ್ಯಾಟ್ ಸಂಖ್ಯೆಗಿಂತ ಮೊದಲು ಲೋಹವನ್ನು ವಿಚಾರಿಸಬೇಕು. ಪಿಒಇಯ 2009ರ 802.3ಎಟಿ ಮಾನದಂಡದ ಪ್ರಕಾರ ಸ್ವಿಚ್ 30 ವ್ಯಾಟ್ ಕೊಟ್ಟರೆ ಉಪಕರಣಕ್ಕೆ 25.5 ವ್ಯಾಟ್ ತಲುಪಬೇಕು. 50 ವೋಲ್ಟಿನಲ್ಲಿ ಹರಿಯುವ 0.6 ಆಂಪಿಯರ್ ಕರೆಂಟು 100 ಮೀಟರ್ ದಾರಿಯ 12.5 ಓಮ್ ರೋಧದಲ್ಲಿ 4.5 ವ್ಯಾಟನ್ನು ಶಾಖವಾಗಿ ಕಳೆಯುತ್ತದೆ ಎಂಬುದೇ ಈ ವ್ಯತ್ಯಾಸದ ಲೆಕ್ಕ. ಸಿಸಿಎ ತಂತಿಯ ರೋಧ ಅದೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಸಾಲದ್ದಕ್ಕೆ, ವೋಲ್ಟೇಜ್ ಇಳಿದಂತೆ ಉಪಕರಣ ಹೆಚ್ಚು ಕರೆಂಟ್ ಎಳೆಯುವುದರಿಂದ ನಷ್ಟ ಇನ್ನಷ್ಟು ಬೆಳೆಯುತ್ತದೆ.

ಮುಂಬಯಿಯ ಎಲೆಕ್ಟ್ರಾನಿಕ್ ಸರಕಿನ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಳ್ಳುವವರು ಒಂದು ಗೇಣು ತುಂಡನ್ನು ಕೇಳಿ ಪಡೆದು, ತಂತಿಯ ಮೇಲ್ಮೈಯನ್ನು ಬ್ಲೇಡಿನಿಂದ ಹೆರೆದು ನೋಡಬೇಕು. ಕೆಂಪು ಪದರದ ಕೆಳಗೆ ಬೆಳ್ಳಗೆ ಹೊಳೆದರೆ ಅದು ಸಿಸಿಎ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಾಗಿದ್ದರೆ ಅದು ತವರ ಲೇಪಿಸಿದ ತಾಮ್ರ, ಅದನ್ನು ತಿರಸ್ಕರಿಸಬೇಕಾಗಿಲ್ಲ. 305 ಮೀಟರಿನ ಪೆಟ್ಟಿಗೆಯನ್ನು ಎತ್ತಿ ನೋಡುವುದೂ ಒಳ್ಳೆಯ ಪರೀಕ್ಷೆಯೇ, ಏಕೆಂದರೆ ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ.

ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 2003ರ ಮಾನದಂಡದ 15.4 ವ್ಯಾಟಿಗೆ 24 ಗೇಜಿನ ಕ್ಯಾಟ್ 5ಇ ಸಾಕು. 2018ರ ಮಾನದಂಡ ಕೇಬಲಿನ ನಾಲ್ಕೂ ತಂತಿ ಜೋಡಿಗಳನ್ನು ಬಳಸಿ 90 ವ್ಯಾಟ್ ವರೆಗೆ ಕೊಡುವುದರಿಂದ, ಹೊಸದಾಗಿ ಎಳೆಯುವವರು 23 ಗೇಜಿನ ಕ್ಯಾಟ್ 6 ಅಥವಾ 6ಎ ಆರಿಸಲಿ ಎಂದು ನಾನು ಹೇಳುತ್ತೇನೆ. ಗೋಡೆಯೊಳಗಿನ 90 ಮೀಟರಿಗೆ ಒಂಟಿ ಎಳೆಯ ಗಟ್ಟಿ ತಂತಿಯೇ ಬೇಕು. ಉಪಕರಣಕ್ಕೆ ಸಿಕ್ಕಿಸುವ, ಹಲವು ಎಳೆಗಳ ಗಿಡ್ಡ ಕೇಬಲ್‌ಗಳಾದ ಪ್ಯಾಚ್ ಕಾರ್ಡುಗಳನ್ನು ಎರಡು ತುದಿಗಳಲ್ಲಿ ಒಟ್ಟು 10 ಮೀಟರಿಗೆ ಮಿತಗೊಳಿಸಬೇಕು. ನೋಡಲು ಚೆಂದವೆಂದು 28 ಗೇಜಿನ ತೆಳು ಕಾರ್ಡುಗಳನ್ನು ಉದ್ದಕ್ಕೆ ಬಳಸಬಾರದು.

ಹೋಟೆಲಿನ ಅಡುಗೆಮನೆಯ ಫಾಲ್ಸ್ ಸೀಲಿಂಗಿನಲ್ಲಿ ಮೊದಲೇ ಬಿಸಿಯಿರುತ್ತದೆ. ಅಲ್ಲಿ ಹತ್ತಾರು ಕೇಬಲ್‌ಗಳನ್ನು ಒಂದೇ ಕಟ್ಟಾಗಿ ಬಿಗಿದರೆ ನಡುವಿನವು ಕಾದು ರೋಧವೂ, ಡೇಟಾ ಸಂಕೇತದ ಕ್ಷೀಣತೆಯೂ ಹೆಚ್ಚುತ್ತವೆ. ಸಣ್ಣ ಸಣ್ಣ ಕಟ್ಟುಗಳಾಗಿ, ಸಡಿಲವಾಗಿ ಹಾಯಿಸಬೇಕು. ಉದ್ದವನ್ನೂ 100 ಮೀಟರಿಗಿಂತ ಸಾಕಷ್ಟು ಒಳಗೇ ಇಡಬೇಕು.

ತಾರಸಿಗೆ ಹೋಗುವ ಕೇಬಲ್ ಬಿಸಿಲು ತಡೆಯುವ ಕಪ್ಪು ಪಾಲಿಥಿಲೀನ್ ಹೊದಿಕೆಯದ್ದಾಗಿರಬೇಕು. ಮುಂಬಯಿಯ ಮಳೆಗಾಲಕ್ಕೆ ಅಷ್ಟೇ ಸಾಲದು: ಗೋಡೆಯ ರಂಧ್ರ ಸೇರುವ ಮುನ್ನ ಕೇಬಲನ್ನು ರಂಧ್ರಕ್ಕಿಂತ ಒಂದು ಗೇಣು ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆತ್ತಿ ಒಳಗೆ ತಂದರೆ, ಹರಿದು ಬರುವ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ, ಕೇಬಲಿನ ತುದಿಯ ಆರ್‌ಜೆ45 ಕನೆಕ್ಟರಿನವರೆಗೆ ಬರುವುದಿಲ್ಲ.